ವಿಮಾ ಕಂಪನಿ ಹೇಳಿದ ಮೊತ್ತ ಸರಿ ಅನ್ನಿಸದಿದ್ದರೆ: ಮನೆ, ಅಂಗಡಿ ನಷ್ಟಕ್ಕೆ ಸ್ವತಂತ್ರ ಅಂದಾಜು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಿವಿಲ್ ಎಂಜಿನಿಯರ್. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಮಹದೇವಪುರ ಕಡೆ ಇರುವ ನಮ್ಮ ಅಕ್ಕನ ಮನೆಗೆ ನೀರು ನುಗ್ಗಿತು. ಪಾಲಿಸಿ ಇತ್ತು. ಕ್ಲೇಮ್ ಹಾಕಿದೆವು. ಕಂಪನಿ ಹೇಳಿದ ಮೊತ್ತ ನಮ್ಮ ಖರ್ಚಿನ ಅರ್ಧವೂ ಇರಲಿಲ್ಲ. ಆಮೇಲೆ ನಡೆದ ಐದು ತಿಂಗಳ ಪತ್ರ ವ್ಯವಹಾರದಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥ ಆಯಿತು. ಇಂಥ ಜಗಳದಲ್ಲಿ ಗೆಲ್ಲಿಸುವುದು ಅಳತೆ. ಯಾರ ಹತ್ತಿರ ಸಾಲು ಸಾಲಾಗಿ ಅಳತೆ ಇದೆಯೋ ಅವರ ಮಾತಿಗೆ ತೂಕ ಜಾಸ್ತಿ. ಅಲ್ಲಿಂದೀಚೆಗೆ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸ್ವತಂತ್ರ ಅಂದಾಜು ಅಂದರೆ ಏನು?

ಬೆಂಕಿ, ನೆರೆ, ಬಿರುಗಾಳಿ, ಭೂಕುಸಿತದಿಂದ ಕಟ್ಟಡಕ್ಕೋ ಸಾಮಾನಿಗೋ ಹಾನಿ ಆದಾಗ, ಅದನ್ನು ಸರಿಪಡಿಸಲು ಎಷ್ಟು ಖರ್ಚಾಗುತ್ತದೆ ಅಂತ ನಿಮ್ಮ ಪರವಾಗಿ ಒಬ್ಬ ತಜ್ಞರು ಬಂದು ನೋಡಿ, ಅಳೆದು, ಲೆಕ್ಕ ಹಾಕಿ, ಸಹಿ ಮಾಡಿ ಕೊಡುವ ವರದಿ. ಇದನ್ನು ಕಂಪನಿ ಮಾಡಿಸುವುದಿಲ್ಲ, ನೀವೇ ಮಾಡಿಸಬೇಕು. ಕಂಪನಿಯ ಸರ್ವೇಯರ್, ಅಂದರೆ ನಷ್ಟ ನೋಡಿ ಅಳೆಯಲು ಕಂಪನಿ ಕಳಿಸುವವರು, ಕೊಟ್ಟ ಲೆಕ್ಕದ ಪಕ್ಕ ಇಟ್ಟು ನೋಡಲು ಇದು ಬೇಕು.

ಕಂಪನಿ ಕಳಿಸುವ ಸರ್ವೇಯರ್ ಸ್ವತಂತ್ರ ಅಲ್ವಾ?

ಕಾನೂನಿನ ಪ್ರಕಾರ ಹೌದು. 1938ರ ವಿಮಾ ಕಾಯ್ದೆಯ 64 ಯುಎಂ ಸೆಕ್ಷನ್ ಪ್ರಕಾರ, ಒಂದು ಮಿತಿಗಿಂತ ದೊಡ್ಡ ನಷ್ಟವನ್ನು ಲೈಸೆನ್ಸ್ ಇರುವ ಸರ್ವೇಯರ್ ನೋಡಿಯೇ ಇತ್ಯರ್ಥ ಮಾಡಬೇಕು. ಅವರಿಗೆ ಲೈಸೆನ್ಸ್ ಕೊಡುವುದು ಐಆರ್‌ಡಿಎಐ, ಅಂದರೆ ವಿಮಾ ನಿಯಂತ್ರಣ ಪ್ರಾಧಿಕಾರ. ಅವರು ಕಂಪನಿಯ ನೌಕರರಲ್ಲ. ಬೆಂಕಿ, ಎಂಜಿನಿಯರಿಂಗ್, ಮೋಟಾರು, ಬೆಳೆ ಹೀಗೆ ಬೇರೆ ಬೇರೆ ವಿಭಾಗಕ್ಕೆ ಬೇರೆ ಬೇರೆ ಅರ್ಹತೆ ಇದೆ. ನಿಮ್ಮ ಮನೆಗೆ ಬಂದವರಿಗೆ ಯಾವ ವಿಭಾಗದ ಲೈಸೆನ್ಸ್ ಇದೆ ಅಂತ ನೀವು ಧೈರ್ಯವಾಗಿ ಕೇಳಬಹುದು.

ಆದರೆ ಅವರನ್ನು ಕಳಿಸುವುದು ಕಂಪನಿ, ಫೀಸು ಕೊಡುವುದೂ ಕಂಪನಿ. ನಾನು ಕಂಡ ಸರ್ವೇಯರ್‌ಗಳಲ್ಲಿ ಹೆಚ್ಚಿನವರು ಪ್ರಾಮಾಣಿಕರು. ತೊಂದರೆ ಬರುವುದು ಸಮಯದ ಅಭಾವದಿಂದ. ದೊಡ್ಡ ನೆರೆ ಬಂದ ವಾರ ಒಬ್ಬ ಸರ್ವೇಯರ್ ಮನೆಯಿಂದ ಮನೆಗೆ ಓಡುತ್ತಿರುತ್ತಾರೆ. ನಿಮ್ಮ ಮನೆಯಲ್ಲಿ ಅವರು ಇರುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಕಾಣದೇ ಹೋದದ್ದು ವರದಿಯಲ್ಲೂ ಇರುವುದಿಲ್ಲ.

ಸರ್ವೇಯರ್ ವರದಿಯೇ ಕೊನೇ ಮಾತಾ?

ಅಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಒಂದು ವಾಹನ ವಿಮೆ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಸರ್ವೇಯರ್ ವರದಿ ಇತ್ಯರ್ಥಕ್ಕೆ ಆಧಾರ ಆಗಬಹುದು, ಆದರೆ ಅದು ಬದಲಾಯಿಸಲಾಗದ ಕೊನೆಯ ಮಾತಲ್ಲ. ಅದು ಕಂಪನಿಯನ್ನೂ ಕಟ್ಟಿಹಾಕುವುದಿಲ್ಲ, ವಿಮೆ ಮಾಡಿಸಿದವರನ್ನೂ ಕಟ್ಟಿಹಾಕುವುದಿಲ್ಲ.

ಹಾಗಂತ ಅದನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ. ಗ್ರಾಹಕರ ಆಯೋಗಗಳು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತವೆ. ‘ನನಗೆ ಕಡಿಮೆ ಅನ್ನಿಸಿತು’ ಅಂದರೆ ಸಾಲದು. ಯಾವ ಸಾಲು ತಪ್ಪು, ಯಾಕೆ ತಪ್ಪು, ಸರಿಯಾದ ಅಂಕಿ ಯಾವುದು ಅಂತ ತೋರಿಸಬೇಕು. ಸ್ವತಂತ್ರ ಅಂದಾಜು ಬೇಕಾಗುವುದು ಅದಕ್ಕೇ. ಸರ್ವೇಯರ್ ವರದಿಯ ಪ್ರತಿಯನ್ನು ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಅದು ಕೈಗೆ ಬರುವ ತನಕ ನೀವು ಕತ್ತಲಲ್ಲಿ ಗುದ್ದಾಡುತ್ತಿರುತ್ತೀರಿ.

ನನ್ನ ಕ್ಲೇಮನ್ನೇ ತಿರಸ್ಕರಿಸಿದ್ದಾರೆ. ಅಂದಾಜು ಮಾಡಿಸಿದರೆ ಉಪಯೋಗ ಇದೆಯಾ?

ಮೊದಲು ಜಗಳ ಯಾವುದು ಅಂತ ನೋಡಿ. ‘ಕೊಡುತ್ತೇವೆ, ಆದರೆ ಇಷ್ಟೇ’ ಅಂದರೆ ಅದು ಮೊತ್ತದ ಜಗಳ. ‘ಇದು ಪಾಲಿಸಿಯಲ್ಲಿ ಬರುವುದೇ ಇಲ್ಲ’ ಅಂದರೆ ಹೊಣೆಯ ಜಗಳ. ಮೊತ್ತದ ಜಗಳಕ್ಕೆ ಅಂದಾಜು ನೇರವಾಗಿ ಕೆಲಸಕ್ಕೆ ಬರುತ್ತದೆ. ಹೊಣೆಯ ಜಗಳದಲ್ಲಿ ಕಾರಣ ಮುಖ್ಯ. ಗೋಡೆ ಬಿರುಕು ಬಿಟ್ಟಿದ್ದು ನೆರೆಯಿಂದಲೋ ಹಳೇ ಸೋರಿಕೆಯಿಂದಲೋ ಅನ್ನುವ ಪ್ರಶ್ನೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಉತ್ತರ ಕೊಡಬೇಕು. ಹಾಗಾಗಿ ಬರೀ ಖರ್ಚಿನ ಪಟ್ಟಿ ಸಾಕಾಗುವುದಿಲ್ಲ, ಹಾನಿಯ ಕಾರಣವನ್ನೂ ಬರೆಸಿ.

ಇಬ್ಬರೂ ನೋಡಿದ್ದು ಒಂದೇ ಮನೆ. ಲೆಕ್ಕದಲ್ಲಿ ಇಷ್ಟು ವ್ಯತ್ಯಾಸ ಹೇಗೆ ಬರುತ್ತದೆ?

ಇದನ್ನು ಅಕ್ಕನ ಮನೆಯ ಹಾಲ್ ಇಟ್ಟುಕೊಂಡೇ ಹೇಳುತ್ತೇನೆ. ನೀರು ನಿಂತಿದ್ದು ಎರಡೂವರೆ ಅಡಿ. ಹಾಲ್‌ನ ಗೋಡೆಗಳ ಒಟ್ಟು ಉದ್ದ 42 ಅಡಿ. ಸರ್ವೇಯರ್ ನೀರು ಮುಟ್ಟಿದಷ್ಟಕ್ಕೆ ಮಾತ್ರ ಬಣ್ಣ ಅಂತ ಲೆಕ್ಕ ಹಾಕಿದ್ದರು. 42 ಗುಣಿಸು ಎರಡೂವರೆ, 105 ಚದರ ಅಡಿ. ಪ್ಲಾಸ್ಟರ್‌ಗೆ ಏನೂ ಇಲ್ಲ.

ಆದರೆ ನೀರು ಇಳಿದ ಮೇಲೂ ತೇವ ಗೋಡೆಯೊಳಗೆ ಮೇಲಕ್ಕೆ ಹತ್ತುತ್ತದೆ. ಮೂರನೇ ವಾರ ನಾವು ನೋಡಿದಾಗ ಉಪ್ಪಿನ ಬಿಳಿ ಪುಡಿ ನಾಲ್ಕು ಅಡಿ ತನಕ ಬಂದಿತ್ತು. ಬೆರಳಿಂದ ಉಜ್ಜಿದರೆ ಪ್ಲಾಸ್ಟರ್ ಉದುರುತ್ತಿತ್ತು. ಅಂದರೆ 168 ಚದರ ಅಡಿ ಪ್ಲಾಸ್ಟರ್ ಕಿತ್ತು ಹೊಸದಾಗಿ ಮಾಡಬೇಕು. ಇನ್ನು ಬಣ್ಣ. ಗೋಡೆಯ ಕೆಳಗಿನ ಕಾಲು ಭಾಗಕ್ಕೆ ಮಾತ್ರ ಬಣ್ಣ ಹೊಡೆಸಿ ಯಾರಾದರೂ ಮನೆಯಲ್ಲಿ ಇರುತ್ತಾರಾ? ಹತ್ತು ಅಡಿ ಎತ್ತರಕ್ಕೂ ಹೊಡೆಯಬೇಕು, 420 ಚದರ ಅಡಿ. ಬಣ್ಣದ ಒಂದೇ ಸಾಲು ನಾಲ್ಕು ಪಟ್ಟು ಆಯಿತು ನೋಡಿ.

ನೆಲದ ಟೈಲ್ಸ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಹತ್ತು ರೂಪಾಯಿ ನಾಣ್ಯದಿಂದ ಒಂದೊಂದೇ ಟೈಲ್ ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ ‘ಟಣ್’ ಅಂತ ಬರುತ್ತಿತ್ತು, ಅಡಿಯ ಮರಳು ಕೊಚ್ಚಿಹೋದ ಕಡೆ ‘ಡಬ್’ ಅಂತ. ಡಬ್ ಅಂದ ಟೈಲ್‌ಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆದೆವು, ಸಣ್ಣದೊಂದು ವಿಡಿಯೋ ಕೂಡ ಮಾಡಿದೆವು. ಪ್ಲಾಸ್ಟರ್, ಬಣ್ಣ, ಟೈಲ್ಸ್ ಮೂರನ್ನೂ ಕಂಪನಿ ಆಮೇಲೆ ಒಪ್ಪಿತು. ವಾರ್ಡ್‌ರೋಬ್ ವಿಚಾರದಲ್ಲಿ ನಾವು ಕೇಳಿದ್ದೇ ಜಾಸ್ತಿ ಇತ್ತು. ಸರ್ವೇಯರ್ ಲೆಕ್ಕ ಸರಿ ಇತ್ತು, ನಾವು ಬಿಟ್ಟುಕೊಟ್ಟೆವು. ಅವರು ಸರಿ ಇರುವ ಕಡೆ ಒಪ್ಪಿದರೆ ಉಳಿದ ಕಡೆ ನಿಮ್ಮ ಮಾತನ್ನು ನಂಬುತ್ತಾರೆ.

ಅಳತೆ ಬಿಟ್ಟರೆ ವ್ಯತ್ಯಾಸ ಬರುವುದು ದರದಲ್ಲಿ. ಸಣ್ಣ ರಿಪೇರಿಗೆ ಮೇಸ್ತ್ರಿ ಕೇಳುವ ದರ ಹೊಸ ಕಟ್ಟಡದ ದರಕ್ಕಿಂತ ಜಾಸ್ತಿ ಇರುತ್ತದೆ. ಲೋಕೋಪಯೋಗಿ ಇಲಾಖೆಯ ಎಸ್‌ಆರ್ ದರಪಟ್ಟಿಯನ್ನು ಆಧಾರ ಇಟ್ಟುಕೊಂಡು, ಅದರ ಜೊತೆ ಸ್ಥಳೀಯವಾಗಿ ಎರಡು ಮೂರು ಕೊಟೇಶನ್ ಸೇರಿಸಿದರೆ ವಾದ ಗಟ್ಟಿಯಾಗುತ್ತದೆ.

ಇನ್ನೊಂದು ಸವಕಳಿ. ಮಾರುಕಟ್ಟೆ ಬೆಲೆ ಆಧಾರದ ಪಾಲಿಸಿಯಲ್ಲಿ ಕಟ್ಟಡ ಹಳೆಯದಾದಷ್ಟೂ ಮೊತ್ತ ಕಳೆಯುತ್ತಾರೆ. ಪುನರ್‌ನಿರ್ಮಾಣ ಬೆಲೆಯ ಪಾಲಿಸಿಯಲ್ಲಿ ಹಾಗೆ ಕಳೆಯುವಂತಿಲ್ಲ. ನಿಮ್ಮದು ಯಾವುದು ಅಂತ ಪಾಲಿಸಿ ತೆಗೆದು ನೋಡಿ. ಸವಕಳಿ ಕಳೆದಿದ್ದರೆ ಯಾವ ಷರತ್ತಿನ ಪ್ರಕಾರ, ಶೇಕಡಾ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಹಾಳಾದ ಸಾಮಾನಿನ ಗುಜರಿ ಬೆಲೆಯನ್ನೂ ಕಳೆಯುತ್ತಾರೆ. ನೀರಲ್ಲಿ ನೆನೆದು ಹಪ್ಪಳದ ಹಾಗೆ ಉಬ್ಬಿದ ಪ್ಲೈವುಡ್‌ಗೆ ಗುಜರಿಯವನು ಏನೂ ಕೊಡುವುದಿಲ್ಲ. ಆದರೂ ಆ ಸಾಲಿನಲ್ಲಿ ಒಂದು ಮೊತ್ತ ಇರುತ್ತದೆ. ಗುಜರಿ ಅಂಗಡಿಯಿಂದ ಒಂದು ಚೀಟಿ ಬರೆಸಿ ಇಟ್ಟುಕೊಳ್ಳಿ.

‘ನೀವು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ’ ಅಂತ ಹೇಳಿ ಕಡಿತ ಮಾಡಿದ್ದಾರೆ. ಇದು ಸರಿಯಾ?

ಪಾಲಿಸಿ ಮೇಲೆ ನಿಂತಿದೆ. ಉದಾಹರಣೆಗೆ ಸಾಗರದಲ್ಲಿ ಒಂದು ಅಡಿಕೆ ಗೋದಾಮು ಅಂದುಕೊಳ್ಳಿ. ಒಳಗಿರುವ ಮಾಲು 50 ಲಕ್ಷದ್ದು, ವಿಮೆ 30 ಲಕ್ಷಕ್ಕೆ. ಬೆಂಕಿಯಲ್ಲಿ 10 ಲಕ್ಷದ ಮಾಲು ಹೋಯಿತು. 30 ಲಕ್ಷ ಇದೆಯಲ್ಲ, 10 ಲಕ್ಷ ಪೂರ್ತಿ ಸಿಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಿಗುವುದು 6 ಲಕ್ಷ. ಐದರಲ್ಲಿ ಮೂರು ಪಾಲಿಗೆ ಮಾತ್ರ ವಿಮೆ ಮಾಡಿಸಿದ್ದರಿಂದ ನಷ್ಟದಲ್ಲೂ ಅಷ್ಟೇ ಪಾಲು. ಸಣ್ಣ ಉದ್ಯಮಗಳಿಗಾಗಿ 2021ರ ಏಪ್ರಿಲ್ 1ರಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊರತೆ ಅದಕ್ಕಿಂತ ಜಾಸ್ತಿ ಇದ್ದರೆ ಕಡಿತ ಆಗುತ್ತದೆ.

ಮನೆಗಳಿಗೆ ಅದೇ ದಿನ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನೇ ತೆಗೆದುಹಾಕಿದ್ದಾರೆ. ನಿಮ್ಮದು ಅದೇ ಪಾಲಿಸಿ ಆಗಿದ್ದು, ‘ಕಡಿಮೆ ವಿಮೆ’ ಅಂತ ಕಳೆದಿದ್ದರೆ ಖಂಡಿತ ಪ್ರಶ್ನೆ ಮಾಡಿ. ಅದರಲ್ಲಿ ಕಟ್ಟಡದ ವಿಮಾ ಮೊತ್ತ ಅಂದರೆ ಕಾರ್ಪೆಟ್ ಏರಿಯಾ ಗುಣಿಸು ನಿರ್ಮಾಣ ವೆಚ್ಚ. ಸೈಟಿನ ಬೆಲೆ ಅದರಲ್ಲಿ ಬರುವುದೇ ಇಲ್ಲ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ರಕ್ಷಣೆ ಇರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಫ್ರಿಜ್ಜು, ಸೋಫಾ, ಹಾಸಿಗೆ ಕ್ಲೇಮ್ ಮಾಡುವುದನ್ನೇ ಬಿಟ್ಟಿದ್ದಾರೆ. ಒಡವೆ, ಕಲಾಕೃತಿಯಂಥ ಬೆಲೆಬಾಳುವ ವಸ್ತುಗಳಿಗೆ ಮಾತ್ರ ಬೇರೆಯಾಗಿ ರಕ್ಷಣೆ ತೆಗೆದುಕೊಂಡಿರಬೇಕು.

ಅಂದಾಜು ಯಾರಿಂದ ಮಾಡಿಸಬೇಕು? ಬ್ಯಾಂಕ್ ಲೋನಿಗೆ ಬಂದಿದ್ದ ವ್ಯಾಲ್ಯೂಯರ್ ಸಾಕಾ?

ಜನ ಜಾಸ್ತಿ ಎಡವುವುದು ಇಲ್ಲೇ. ಬ್ಯಾಂಕಿಗೆ ಬೇಕಾದದ್ದು ‘ಈ ಆಸ್ತಿ ಮಾರಿದರೆ ಎಷ್ಟು ಬರುತ್ತದೆ’ ಅನ್ನುವ ಲೆಕ್ಕ. ಅದರಲ್ಲಿ ಸೈಟು, ರಸ್ತೆ, ಏರಿಯಾ ಎಲ್ಲ ಸೇರುತ್ತದೆ. ವಿಮೆಗೆ ಬೇಕಾದದ್ದು ‘ಹಾಳಾಗಿದ್ದನ್ನು ಮೊದಲಿನ ಹಾಗೆ ಮಾಡಲು ಎಷ್ಟು’ ಅನ್ನುವ ಲೆಕ್ಕ. ಮನೆಯ ಬೆಲೆ ಒಂದೂವರೆ ಕೋಟಿ ಅಂತ ಬರೆದ ವರದಿ ಇಟ್ಟುಕೊಂಡು ಹಾಲ್‌ನ ಪ್ಲಾಸ್ಟರ್ ಬಗ್ಗೆ ವಾದ ಮಾಡಲು ಆಗುವುದಿಲ್ಲ.

ಕಟ್ಟಡದ ಹಾನಿಗೆ ಅನುಭವ ಇರುವ ಸಿವಿಲ್ ಎಂಜಿನಿಯರ್ ಒಳ್ಳೆಯದು. ಪಿಲ್ಲರ್, ಬೀಮ್, ಅಡಿಪಾಯಕ್ಕೆ ಪೆಟ್ಟಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರೇ ಆಗಬೇಕು. ಯಂತ್ರಕ್ಕೆ ಅದನ್ನು ತಯಾರಿಸಿದ ಕಂಪನಿಯ ಸರ್ವೀಸ್ ವರದಿ, ಅಂಗಡಿ ಮಾಲಿಗೆ ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಿದ ಸ್ಟಾಕ್ ಲೆಕ್ಕ. ಕಂಪನಿ ಕಾಯ್ದೆಯ 247ನೇ ಸೆಕ್ಷನ್ ಅಡಿ ನೋಂದಣಿ ಆದ ವ್ಯಾಲ್ಯೂಯರ್‌ಗಳೂ ಇದ್ದಾರೆ. ಅವರ ಸಹಿಗೆ ತೂಕ ಇದೆ, ಆದರೆ ರಿಪೇರಿ ಖರ್ಚಿನ ಲೆಕ್ಕ ಬೇಕು ಅಂತ ಮೊದಲೇ ಬಿಡಿಸಿ ಹೇಳಿ. ‘ಸಿಕ್ಕ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಅನ್ನುವವರನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ. ಮೊತ್ತ ಜಾಸ್ತಿ ಆದಷ್ಟೂ ಅವರಿಗೆ ಲಾಭ ಅಂತಾದರೆ ಆ ವರದಿಯನ್ನು ಸ್ವತಂತ್ರ ಅಂತ ಯಾರೂ ನಂಬುವುದಿಲ್ಲ.

ವರದಿಯಲ್ಲಿ ಏನೇನು ಇರಬೇಕು?

ಬಂದು ನೋಡಿದ ದಿನಾಂಕ, ನೋಡಿದವರ ಅರ್ಹತೆ, ಹಾನಿಯ ಕಾರಣ, ಕೋಣೆ ಕೋಣೆಯ ಅಳತೆ, ಪ್ರತಿ ಸಾಲಿನ ದರ ಮತ್ತು ಆ ದರ ಎಲ್ಲಿಂದ ಬಂತು, ನಂಬರ್ ಹಾಕಿದ ಫೋಟೋಗಳು, ಸಹಿ, ಸೀಲು. ಇವಿಷ್ಟು ಎಲ್ಲರೂ ಹೇಳುತ್ತಾರೆ. ನಾನು ಒಂದು ಸೇರಿಸುತ್ತೇನೆ. ಸರ್ವೇಯರ್ ವರದಿ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಬರೆಸಿ. ಅವರ 1ನೇ ಸಾಲಿಗೆ ನಮ್ಮ 1ನೇ ಸಾಲು. ಓದುವ ಅಧಿಕಾರಿಗೆ ಎರಡೂ ಕಾಗದ ಪಕ್ಕ ಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯಬೇಕು.

ಬೇಕಾದರೆ ಅಫಿಡವಿಟ್ ಕೊಡಲು ತಯಾರಿದ್ದೀರಾ ಅಂತ ಎಂಜಿನಿಯರ್ ಹತ್ತಿರ ಮೊದಲೇ ಕೇಳಿ. ಗ್ರಾಹಕರ ಆಯೋಗದ ತನಕ ಹೋದರೆ ಬೇಕಾಗುತ್ತದೆ.

ಇದರ ಖರ್ಚು ಯಾರದು?

ನಿಮ್ಮದೇ. ಭಾರತ್ ಗೃಹ ರಕ್ಷಾದಲ್ಲಿ ವಾಸ್ತುಶಿಲ್ಪಿ, ಸರ್ವೇಯರ್, ಎಂಜಿನಿಯರ್ ಫೀಸಿಗೆ ಕ್ಲೇಮ್ ಮೊತ್ತದ ಶೇ. 5ರವರೆಗೆ, ಅವಶೇಷ ತೆಗೆಸಲು ಶೇ. 2ರವರೆಗೆ ಕೊಡುತ್ತಾರೆ. ಫೀಸಿನ ಆ ಭಾಗ ಇರುವುದು ಮನೆ ಮತ್ತೆ ಕಟ್ಟಿಸುವ ಕೆಲಸಕ್ಕೆ. ವಾದಕ್ಕೆ ಮಾಡಿಸಿದ ವರದಿಗೂ ಸಿಗುತ್ತದೆ ಅಂತ ನೆಚ್ಚಿಕೊಂಡು ಕೂರಬೇಡಿ. ವ್ಯತ್ಯಾಸ ಇಪ್ಪತ್ತು ಸಾವಿರದ್ದಾದರೆ ಪೂರ್ತಿ ವರದಿ ಬೇಡ, ಒಳ್ಳೆಯ ಫೋಟೋ ಮತ್ತು ಎರಡು ಕೊಟೇಶನ್ ಸಾಕು.

ಜಗಳ ಮುಗಿಯುವ ತನಕ ರಿಪೇರಿ ಮಾಡಿಸದೆ ಕೂರಬೇಕಾ?

ಬೇಡ. ಹಾನಿ ಇನ್ನೂ ಜಾಸ್ತಿ ಆಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಹಾರಿಹೋದ ಹೆಂಚಿಗೆ ಟಾರ್ಪಾಲ್ ಹಾಕಿ, ನೀರು ಹೊರಹಾಕಿ, ಕರೆಂಟ್ ಸರಿ ಮಾಡಿಸಿ. ಆದರೆ ಸರ್ವೇಯರ್ ನೋಡುವ ಮೊದಲು ಹಾಳಾದ ಸಾಮಾನು ಎಸೆಯಬೇಡಿ, ಗೋಡೆ ಕೆರೆಯಬೇಡಿ. ವಾಸನೆ ತಡೆಯಲಾಗದೆ ಹಾಸಿಗೆ ಎಸೆಯಲೇಬೇಕು ಅಂದರೆ ಫೋಟೋ ತೆಗೆದು ಕಂಪನಿಗೆ ಇಮೇಲ್ ಮಾಡಿ ಎಸೆಯಿರಿ. ರಿಪೇರಿ ಶುರು ಮಾಡುವ ಮೊದಲು ನಿಮ್ಮ ಎಂಜಿನಿಯರ್ ಬಂದು ಅಳೆದು ಹೋಗಲಿ. ಬಿಲ್ಲುಗಳನ್ನು ಜೋಪಾನ ಮಾಡಿ.

ಕೊಡಗಿನಲ್ಲಿ ನಮ್ಮ ಮನೆ ಕೆಳಗಿನ ಮಣ್ಣೇ ಜಾರಿದೆ. ಗೋಡೆ ನಿಂತಿದೆ. ಏನು ಕೇಳಬಹುದು?

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಜಾರಿದಾಗ ಇಂಥ ಮನೆಗಳು ಎಷ್ಟೋ ಇದ್ದವು. ನೋಡಲು ಮನೆ ಇದೆ, ಒಳಗೆ ಮಲಗಲು ಭಯ. ಭಾರತ್ ಗೃಹ ರಕ್ಷಾದಲ್ಲಿ ಭೂಕುಸಿತ, ನೆಲ ಕುಸಿತ ಎರಡೂ ಇವೆ. ಜಾಗದ ಬೆಲೆ ಸಿಗುವುದಿಲ್ಲ, ಕಟ್ಟಡದ್ದು ಸಿಗುತ್ತದೆ. ಇಲ್ಲಿ ಜಗಳ ಬರುವುದು ‘ಬಿರುಕು ಮುಚ್ಚಿದರೆ ಸಾಕು’ ಮತ್ತು ‘ಮನೆ ವಾಸಕ್ಕೆ ಯೋಗ್ಯ ಅಲ್ಲ’ ಇವೆರಡರ ನಡುವೆ. ಅದನ್ನು ತೀರ್ಮಾನ ಮಾಡಲು ಅಡಿಪಾಯ ಮತ್ತು ಮಣ್ಣು ನೋಡಿದ ಸ್ಟ್ರಕ್ಚರಲ್ ವರದಿ ಬೇಕೇ ಬೇಕು. ಜೊತೆಗೆ ಕಂದಾಯ ಇಲಾಖೆಯ ಮಹಜರು, ಆ ದಿನಗಳ ಮಳೆ ಲೆಕ್ಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರ ಹೋಬಳಿ ಮಟ್ಟದ ಮಳೆ ಅಂಕಿ ಇರುತ್ತದೆ.

ಕಂಪನಿಗೆ ಗಡುವು ಅಂತ ಇಲ್ಲವಾ?

ಇದೆ. 2024ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, ನೇಮಕದಿಂದ 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ತಡ ಆದರೆ ಬ್ಯಾಂಕ್ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೇಳಬಹುದು. ನಿಮಗೂ ಗಡುವಿದೆ. ವಿಷಯ ತಕ್ಷಣ ತಿಳಿಸಬೇಕು. ಭಾರತ್ ಗೃಹ ರಕ್ಷಾದಲ್ಲಿ ಹಾನಿ ಕಂಡ 30 ದಿನದೊಳಗೆ ಕ್ಲೇಮ್ ಫಾರಂ ಕೊಡಬೇಕು.

ಮೊದಲ ಸರ್ವೇಯರ್ ಒಳ್ಳೆಯ ಮೊತ್ತ ಬರೆದಿದ್ದರು. ಈಗ ಇನ್ನೊಬ್ಬರನ್ನು ಕಳಿಸುತ್ತಿದ್ದಾರೆ.

ತಮಗೆ ಬೇಕಾದ ಉತ್ತರ ಸಿಗುವ ತನಕ ಒಬ್ಬರಾದ ಮೇಲೆ ಒಬ್ಬರನ್ನು ಕಳಿಸುವಂತಿಲ್ಲ. ಇದನ್ನೂ ಸುಪ್ರೀಂ ಕೋರ್ಟ್ 2009ರಲ್ಲೇ, ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ ಹೇಳಿದೆ. ಮೊದಲ ವರದಿ ಯಾಕೆ ಒಪ್ಪಿಗೆ ಇಲ್ಲ ಅನ್ನುವುದಕ್ಕೆ ಕಂಪನಿ ಕಾರಣ ಕೊಡಬೇಕು. ಬಂದವರನ್ನು ಬಾಗಿಲಲ್ಲಿ ತಡೆಯಬೇಡಿ. ನೋಡಲು ಬಿಡಿ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

‘ಪೂರ್ಣ ಮತ್ತು ಅಂತಿಮ’ ಅಂತ ಬರೆದ ವೋಚರ್‌ಗೆ ಸಹಿ ಕೇಳುತ್ತಿದ್ದಾರೆ. ಹಾಕಲಾ?

ಒಪ್ಪಿಗೆ ಇಲ್ಲದಿದ್ದರೆ ಸುಮ್ನೆ ಸಹಿ ಹಾಕಬೇಡಿ. ‘ಬಾಕಿ ಮೊತ್ತಕ್ಕೆ ನನ್ನ ಹಕ್ಕು ಉಳಿಸಿಕೊಂಡು ಈ ಹಣ ತೆಗೆದುಕೊಳ್ಳುತ್ತಿದ್ದೇನೆ’ ಅಂತ ಇಮೇಲ್ ಕಳಿಸಿ. ಒಪ್ಪಿಕೊಂಡ ಮೊತ್ತವನ್ನು ಮೊದಲು ಬಿಡುಗಡೆ ಮಾಡಿ ಅಂತಲೂ ಕೇಳಿ. ಈಗಾಗಲೇ ಸಹಿ ಹಾಕಿದ್ದರೂ ಎಲ್ಲ ಮುಗಿದಿಲ್ಲ. ಒತ್ತಾಯದಿಂದಲೋ ಮೋಸದಿಂದಲೋ ಸಹಿ ಹಾಕಿಸಿದ್ದು ಅಂತ ತೋರಿಸಿದರೆ ವೋಚರ್ ಅಡ್ಡಿ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಆದರೆ ಅದನ್ನು ತೋರಿಸುವ ಕಷ್ಟ ನಿಮ್ಮ ತಲೆ ಮೇಲೆ ಬರುತ್ತದೆ.

ವರದಿ ಕೊಟ್ಟರೂ ಕಂಪನಿ ಬಗ್ಗಲಿಲ್ಲ. ಮುಂದೆ?

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿ, 155255ಕ್ಕೆ ಫೋನ್ ಮಾಡಿಯೂ ಹೇಳಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಕೇಳಿ ತೀರ್ಪು ಕೊಡುವ ಅಧಿಕಾರಿ, ಹತ್ತಿರ ಹೋಗಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇರುತ್ತದೆ.

ಆಯೋಗಕ್ಕೆ ನೇರವಾಗಿಯೂ ಹೋಗಬಹುದು, ಎರಡು ವರ್ಷದ ಗಡುವು. ಯಾವ ಆಯೋಗ ಅನ್ನುವುದನ್ನು ನಿರ್ಧರಿಸುವುದು ನೀವು ಕಟ್ಟಿದ ಪ್ರೀಮಿಯಂ, ಕೇಳುವ ಪರಿಹಾರ ಅಲ್ಲ. ಹಾಗಾಗಿ ಮನೆ ವಿಮೆಯ ಕೇಸುಗಳು ನಿಮ್ಮ ಜಿಲ್ಲಾ ಆಯೋಗದಲ್ಲೇ ನಡೆಯುತ್ತವೆ. ಆದರೆ ಅಲ್ಲಿ ಕೇಸು ಇರುವಾಗ ಒಂಬುಡ್ಸ್‌ಮನ್ ನಿಮ್ಮ ದೂರು ತೆಗೆದುಕೊಳ್ಳುವುದಿಲ್ಲ. ಮನೆಯ ಮೊತ್ತದ ಜಗಳಕ್ಕೆ ನಾನಾದರೆ ಮೊದಲು ಒಂಬುಡ್ಸ್‌ಮನ್ ಹತ್ತಿರವೇ ಹೋಗುತ್ತೇನೆ.

ಪಾಲಿಸಿಯಲ್ಲಿ ಆರ್ಬಿಟ್ರೇಶನ್ ಅಂತ ಬರೆದಿದೆಯಲ್ಲ?

ಹಳೇ ಬೆಂಕಿ ವಿಮೆ ಪಾಲಿಸಿಗಳಲ್ಲಿ ಇತ್ತು. 2023ರ ಅಕ್ಟೋಬರ್‌ನಲ್ಲಿ ಐಆರ್‌ಡಿಎಐ ಸಾಮಾನ್ಯ ಗ್ರಾಹಕರ ಪಾಲಿಸಿಗಳಿಂದ ಆ ಷರತ್ತು ತೆಗೆಸಿತು. ವಾಣಿಜ್ಯ ಪಾಲಿಸಿಗಳಲ್ಲಿ ಎರಡೂ ಕಡೆಯವರು ಒಪ್ಪಿದರೆ ಮಾತ್ರ.

ಅಮೆರಿಕದಲ್ಲಿರುವ ಮಗಳು ‘ಅಪ್ರೈಸಲ್ ಕ್ಲಾಸ್’ ಬಳಸು ಅನ್ನುತ್ತಾಳೆ. ನಮ್ಮಲ್ಲಿ ಇದೆಯಾ?

ನಮ್ಮ ಮನೆ ಪಾಲಿಸಿಗಳಲ್ಲಿ ಇಲ್ಲ. ಅಲ್ಲಿನ ಸಾಮಾನ್ಯ ಮನೆ ಪಾಲಿಸಿಯಲ್ಲಿ ಇರುವುದು ಹೀಗೆ: ಮೊತ್ತದ ಬಗ್ಗೆ ಜಗಳ ಬಂದರೆ ಯಾರಾದರೊಬ್ಬರು ಲಿಖಿತವಾಗಿ ಕೇಳಿದ 20 ದಿನದೊಳಗೆ ಎರಡೂ ಕಡೆಯವರು ಒಬ್ಬೊಬ್ಬ ಅಪ್ರೈಸರನ್ನು, ಅಂದರೆ ನಷ್ಟದ ಅಂದಾಜು ಮಾಡುವವರನ್ನು, ಆರಿಸುತ್ತಾರೆ. ಆ ಇಬ್ಬರು ಸೇರಿ ಒಬ್ಬ ಅಂಪೈರನ್ನು ಆರಿಸುತ್ತಾರೆ. ಮೂವರಲ್ಲಿ ಇಬ್ಬರು ಒಪ್ಪಿದ ಮೊತ್ತವೇ ಅಂತಿಮ. ಅವರವರ ಅಪ್ರೈಸರ್ ಫೀಸು ಅವರವರದು, ಅಂಪೈರ್ ಫೀಸು ಅರ್ಧರ್ಧ. ನಮ್ಮಲ್ಲೂ ಇಂಥದ್ದು ಬರಬೇಕು ಅಂತ ನನಗೆ ತುಂಬಾ ಆಸೆ. ಈಗಂತೂ ನಿಮ್ಮ ಅಂದಾಜು ವರದಿಯನ್ನು ಒಂಬುಡ್ಸ್‌ಮನ್ ಮುಂದೆ ಇಡುವುದೇ ಅದಕ್ಕೆ ಹತ್ತಿರದ ದಾರಿ.

ನಾಳೆ ಬೆಳಿಗ್ಗೆ ಸರ್ವೇಯರ್ ಬರುತ್ತಿದ್ದಾರೆ. ಇವತ್ತು ರಾತ್ರಿ ಏನು ಮಾಡಲಿ?

ಪ್ರತಿ ಕೋಣೆಯಲ್ಲಿ ನೀರು ನಿಂತ ಗೆರೆಗೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಟೇಪ್ ಹಿಡಿದು ಫೋಟೋ ತೆಗೆಯಿರಿ, ಅಂಕಿ ಕಾಣಬೇಕು. ಬಾಗಿಲಿಂದ ಶುರು ಮಾಡಿ ಬಲಗಡೆಗೆ ಸುತ್ತುತ್ತಾ ಒಂದೊಂದು ಕೋಣೆಯ ವಿಡಿಯೋ ಮಾಡಿ. ಹಾಳಾದ ಸಾಮಾನಿನ ಪಟ್ಟಿ ಬರೆಯಿರಿ, ಯಾವ ವರ್ಷ ಕೊಂಡಿದ್ದು ಅಂತಲೂ ಬರೆಯಿರಿ. ಬಿಲ್ ಇಲ್ಲದಿದ್ದರೆ ಆ ಸಾಮಾನು ಕಾಣುವ ಹಳೇ ಹಬ್ಬದ ಫೋಟೋ, ಗೃಹಪ್ರವೇಶದ ಆಲ್ಬಂ ಹುಡುಕಿ ಇಡಿ. ನಾಳೆ ಅವರ ಜೊತೆಗೇ ಕೋಣೆ ಕೋಣೆ ಸುತ್ತಿ, ಅವರು ಬರೆದುಕೊಳ್ಳುವ ಅಳತೆಯನ್ನು ನೀವೂ ಬರೆದುಕೊಳ್ಳಿ. ಹೊರಡುವ ಮುಂಚೆ ಪಟ್ಟಿಯ ಒಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ ಕೇಳಿ. ಸಹಿ ಹಾಕದಿದ್ದರೆ ಬೇಸರ ಬೇಡ, ಅದೇ ಪಟ್ಟಿಯನ್ನು ಅವರು ಗೇಟು ದಾಟುವುದರೊಳಗೆ ಅವರಿಗೂ ಕಂಪನಿಗೂ ಇಮೇಲ್ ಮಾಡಿ.